ಪುಟ್ಟಕ್ಕನ ತಲೆಗೆ ಶಾಂಪೂ ಹುಡುಕಿದ್ದು

ಪುಟ್ಟಕ್ಕಾ, ಗುಂಡಣ್ಣಾ,

ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಉದ್ದುದ್ದ ಹೆಸರುಗಳನ್ನು ಬರೆಯಲು ಹೋದರೆ ಒತ್ತಕ್ಷರಗಳಿಗೇ ನನ್ನ ಅರ್ಧ ಶಾಯಿ ಮುಗಿಯುತ್ತದೆ. ಮನೆಯಲ್ಲಿ ಕೂಗುವ ಹೆಸರೇ ಇರಲಿ. ಎದುರಿಗೆ ಕೂತು ಕಥೆ ಹೇಳುವ ಧೈರ್ಯ ನನಗಿಲ್ಲವೆಂದು ನಿಮಗೆ ಗೊತ್ತು. ನಾಲ್ಕು ಜನ ನನ್ನ ಮುಖ ನೋಡಿದರೆ ಹೇಳಬೇಕಾದ ಮಾತು ಗಂಟಲಿನಲ್ಲೇ ಕಾಲು ಮಡಿಸಿ ಕೂತುಬಿಡುತ್ತದೆ. ಬರೆಯುವಾಗ ಯಾರೂ ನನ್ನನ್ನು ನೋಡುತ್ತಿರುವುದಿಲ್ಲ. ಊರಿನ ಶಾಲೆಯಲ್ಲಿ ಕಲಿತ ಕನ್ನಡ ಇಷ್ಟಕ್ಕೆ ಸಾಕು.

ನಾನು ಮೊದಲ ಸಲ ದುಬೈಗೆ ಬಂದ ಬೇಸಿಗೆಯ ಸಂಗತಿ ಇದು. ಆಗ ನೀವು ಕರಾಮದಲ್ಲಿ ಎಲ್ಲಕ್ಕಿಂತ ಮೇಲಿನ ಮಹಡಿಯ ಫ್ಲ್ಯಾಟಿನಲ್ಲಿದ್ದಿರಿ. ಪುಟ್ಟಕ್ಕ ಎರಡನೇ ಕ್ಲಾಸು. ಗುಂಡಣ್ಣ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸು. ನಿಮ್ಮ ತಾತ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. "ಒಬ್ಬಳೇ ಅಲ್ಲಿ ಏನು ಮಾಡ್ತೀಯಮ್ಮ, ಬಾ" ಎಂದು ನಿಮ್ಮಮ್ಮ ವಿಸಿಟ್ ವೀಸಾ ಕಳಿಸಿ ಕರೆಸಿಕೊಂಡಳು.

ಬಂದ ದಿನವೇ ಅವಳು ನನಗೆ ಮನೆಯನ್ನೆಲ್ಲ ತೋರಿಸಿದಳು. ಒಲೆ ಹೀಗೆ, ಲಿಫ್ಟು ಹಾಗೆ, ಬೆಲ್ ಆದರೆ ಬಾಗಿಲಿನ ತೂತಿನಲ್ಲಿ ನೋಡಿ ತೆಗಿ, ಬಚ್ಚಲಿನ ನಲ್ಲಿಗಳು ಹೀಗೆ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ನನಗೆ ಅರ್ಥವಾದಾಗಲೂ ತಲೆಯಾಡಿಸುತ್ತೇನೆ, ಆಗದಿದ್ದಾಗಲೂ ಆಡಿಸುತ್ತೇನೆ. ಯಾವುದು ಯಾವುದೆಂದು ನಿಮ್ಮ ತಾತನಿಗೆ ಮಾತ್ರ ತಿಳಿಯುತ್ತಿತ್ತು.

ಹಗಲು ನಿಮ್ಮಪ್ಪ ಅಮ್ಮ ಇಬ್ಬರೂ ಆಫೀಸಿಗೆ. ಮಧ್ಯಾಹ್ನ ಶಾಲೆಯ ಬಸ್ಸು ಪುಟ್ಟಕ್ಕನನ್ನು ಇಳಿಸಿ ಹೋಗುತ್ತಿತ್ತು. ಮೊದಲ ಮಂಗಳವಾರವೇ, ಪುಟ್ಟಕ್ಕಾ, ನಾನು ನಿನಗೆ ಎಣ್ಣೆ ಸ್ನಾನ ಮಾಡಿಸಲು ಹೊರಟೆ. ಹರಳೆಣ್ಣೆಯನ್ನೂ ಕೊಬ್ಬರಿ ಎಣ್ಣೆಯನ್ನೂ ಬೆರೆಸಿ ನೆತ್ತಿಗೆ ತಟ್ಟಿ, ಬಚ್ಚಲಿಗೆ ಕರೆದುಕೊಂಡು ಹೋಗಿ, ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಏನು ಹೇಳಲಿ, ಹೊಗೆಯಾಡುವ ನೀರು! ನಮ್ಮೂರಿನಲ್ಲಿ ಎಣ್ಣೆ ಸ್ನಾನದ ನೀರೆಂದರೆ ಬೆಳಗಿನಿಂದ ಹಂಡೆಯ ಮುಂದೆ ಕೂತು, ತೆಂಗಿನ ಮಟ್ಟೆ ನೂಕಿ, ಊದುಕೊಳವೆ ಊದಿ, ಕಣ್ಣು ಕೆಂಪಾದ ಮೇಲೆ ಸಿಗುವಂಥದ್ದು. ಇಲ್ಲಿ ಸೌದೆಯಿಲ್ಲ, ಹೊಗೆಯಿಲ್ಲ, ಬೂದಿ ಬಾಚುವ ಕೆಲಸವಿಲ್ಲ. ಗೋಡೆಯ ಮೇಲಿನ ಹೀಟರಿನ ಸ್ವಿಚ್ಚೂ ಆರಿಸಿತ್ತು. ದೇವರು ಈ ಮರಳುಗಾಡಿಗೆ ಮಳೆ ಕೊಡುವುದನ್ನು ಮರೆತು, ಆಮೇಲೆ ಪಶ್ಚಾತ್ತಾಪದಿಂದ ಬಿಸಿನೀರು ಕೊಟ್ಟಿದ್ದಾನೆ ಎಂದುಕೊಂಡೆ.

"ಅಜ್ಜಿ, ಹಾಟ್! ಟೂ ಹಾಟ್!" ಎಂದು ನೀನು ಕುಣಿದೆ.

"ಬಿಸಿ ಇದ್ರೇನೇ ಎಣ್ಣೆ ಬಿಡೋದು ಕಣೆ. ಸುಮ್ನಿರು."

ಕೈ ತಡೆಯುವಷ್ಟು ಆರಿಸಿಯೇ ಹಾಕುತ್ತಿದ್ದೆ. ಆದರೆ ಅದು ಒಲೆಯಿಂದ ಬರಿಗೈಯಲ್ಲಿ ಪಾತ್ರೆ ಇಳಿಸಿ ಅಭ್ಯಾಸವಿದ್ದ ಕೈ. ಇನ್ನು ಕಿರುಚಾಟ. ಮಗು ಕಿರುಚದಿದ್ದರೆ ಎಣ್ಣೆ ಸ್ನಾನವೇ ಆಗಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನನ್ನಮ್ಮ ನನಗೆ ನೀರು ಹಾಕುವಾಗ ಪಕ್ಕದ ಬೀದಿಯ ಎಮ್ಮೆ ಬೆದರುತ್ತಿತ್ತಂತೆ. ಹೀಗಾಗಿ ಪ್ರತಿ ಮಂಗಳವಾರ ನೀನು ಕಿರುಚಿದೆ, ನಾನು ಹೊಯ್ದೆ.

ನಿನ್ನ ಕೂದಲನ್ನು ಕಂಡರೆ ನನಗೆ ಯಾಕಷ್ಟು ಆಸೆ ಎಂದು ಹೇಳಬೇಕು. ನಾನು ಮೊಗ್ಗಿನ ಜಡೆ ಹೆಣೆಯುವವಳು. ಬಾಳೆಪಟ್ಟೆಗೆ ಮಲ್ಲಿಗೆ ಮೊಗ್ಗು ಪೋಣಿಸಿ, ಅದನ್ನು ಜಡೆಯುದ್ದಕ್ಕೂ ಹೊಲಿದು, ಕೊನೆಗೆ ಕುಚ್ಚು ಕಟ್ಟಿ, ಪುಟ್ಟ ಹುಡುಗಿಯರನ್ನು ಫೋಟೋಗೆ ಸಿದ್ಧಮಾಡುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನ ಕೈಯೇ ಕೈ. ಮಾತು ಬಾರದವಳಿಗೆ ಅದೊಂದೇ ಮರ್ಯಾದೆ ತಂದಿದ್ದ ಕೆಲಸ. ನಿಮ್ಮಮ್ಮನಿಗೆ ಮಾತ್ರ ಹೆಣೆಯಲಾಗಲಿಲ್ಲ. ಚಿಕ್ಕಂದಿನಲ್ಲಿ ಅವಳಿಗೆ ವಿಷಮಶೀತ ಜ್ವರ ಬಂದು ತಲೆಗೂದಲೆಲ್ಲ ಉದುರಿತ್ತು. ನಿಮ್ಮ ತಾತ ಹೋದ ಮೇಲೆ ಬೀದಿಯವರು ನನ್ನನ್ನು ಜಡೆ ಹೆಣೆಯಲು ಕರೆಯುವುದು ನಿಂತಿತು. ಯಾರೂ ಏನೂ ಅನ್ನಲಿಲ್ಲ. ಕರೆಯಲಿಲ್ಲ, ಅಷ್ಟೆ.

ದುಬೈಗೆ ಬಂದು ನೋಡಿದರೆ ಪುಟ್ಟಕ್ಕನ ಜಡೆ ಸೊಂಟದ ಹತ್ತಿರ ಬಂದಿತ್ತು. ವೀಸಾ ಮುಗಿದು ವಾಪಸಾಗುವುದರೊಳಗೆ ಒಂದು ಮೊಗ್ಗಿನ ಜಡೆ ಹೆಣೆಯಬೇಕೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ನಿನ್ನ ತಲೆಯಿಂದ ಬಿಳಿ ಪುಡಿ ಉದುರಲು ಶುರುವಾಯಿತು. ನೀಲಿ ಯೂನಿಫಾರ್ಮಿನ ಹೆಗಲ ಮೇಲೆ ಅಕ್ಕಿಹಿಟ್ಟು ಜರಡಿ ಹಿಡಿದ ಹಾಗೆ. ಶಾಲೆಯಲ್ಲಿ ಟೀಚರು ಹೇಳಿದರೆಂದು ನಿಮ್ಮಮ್ಮ ಸಂಜೆ ಬಂದವಳೇ ನಿನ್ನ ಬೈತಲೆ ಬಿಡಿಸಿ ನೋಡಿದಳು.

"ಅಯ್ಯೋ, ಹೊಟ್ಟು! ಈ ಉದ್ದ ಕೂದಲು ನಿಭಾಯಿಸೋಕೆ ನನ್ ಕೈಲಾಗಲ್ಲಮ್ಮ. ಬೆಳಗ್ಗೆ ಬಸ್ ಬರೋ ಹೊತ್ತಿಗೆ ಜಡೆ ಹಾಕೋದೇ ಒಂದು ಯುದ್ಧ. ಶಾಲೆ ರಜ ಬರೋದ್ರೊಳಗೆ ಇದು ಹೋಗ್ಲಿಲ್ಲ ಅಂದ್ರೆ ಬಾಬ್ ಕಟ್, ಖಲಾಸ್."

ನಾನು ನಿನ್ನ ಜಡೆಯ ತುದಿ ಹಿಡಿದುಕೊಂಡೆ. ತಲೆಯಾಡಿಸಿದೆ.

ಊರಿನಿಂದ ನಾನು ಸೀಗೆಪುಡಿ ತಂದಿದ್ದೆ. ಆದರೆ ಅದು ಬಚ್ಚಲಿನ ತೂಬಿನಲ್ಲಿ ಕಟ್ಟಿಕೊಂಡು ಕೆಳಗಿನ ಮನೆಯವರ ಸೂರಿಗೆ ನೀರಿಳಿದ ಮೇಲೆ ನಿಮ್ಮಮ್ಮ ಆ ಚೀಲವನ್ನು ಮುಟ್ಟಲು ಬಿಡಲಿಲ್ಲ. ಇನ್ನು ಶಾಂಪೂವೇ ಗತಿ. ನಿಮ್ಮಪ್ಪ ಆ ಜವಾಬ್ದಾರಿ ತಾವೇ ವಹಿಸಿಕೊಂಡರು. ಅವರ ತಲೆಯ ಮೇಲೆ ಆಗಲೇ ಕೂದಲಿಗಿಂತ ಅಭಿಪ್ರಾಯಗಳು ಹೆಚ್ಚಾಗಿದ್ದವು. ನಾನು ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ಅಡುಗೆಮನೆಯ ಪರದೆಯ ಹಿಂದೆ ನಿಂತು ನಿನ್ನ ಮೂಲಕ ಹೇಳಿಸುತ್ತಿದ್ದೆ. ಅವರೂ ಹಾಗೆಯೇ.

"ಪುಟ್ಟಿ, ಅಜ್ಜಿಗೆ ಹೇಳು, ಇದೆಲ್ಲಾ ಇಲ್ಲಿನ ನೀರಿನ ದೋಷ. ಸಮುದ್ರದ ನೀರು ತಾನೇ. ಅದಕ್ಕೇ ನನ್ ತಲೆ ಹಿಂಗಾಗಿದ್ದು."

"ಪುಟ್ಟಿ, ಅಪ್ಪಂಗೆ ಹೇಳು, ಮದುವೇಲೇ ಪೇಟ ಜಾರ್ತಿತ್ತು ಅಂತ."

"ಅಪ್ಪಾ, ಅಜ್ಜಿ ಸೇಸ್ ಯು ವರ್ ಆಲ್ವೇಸ್ ಬಾಲ್ಡ್."

ಪರದೆಯ ಹಿಂದೆ ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ.

ಒಂದು ಸಂಜೆ ನಾನೂ ನೀನೂ ಮನೆಯ ಹತ್ತಿರದ ಸೂಪರ್ ಮಾರ್ಕೆಟ್ಟಿಗೆ ಹೋದೆವು. ಒಂದು ಗೋಡೆಯ ತುಂಬ ಶಾಂಪೂ. ಒಂದು ಕಡೆ ಅರಬ್ಬಿ, ಇನ್ನೊಂದು ಕಡೆ ಇಂಗ್ಲಿಷು, ಮಧ್ಯೆ ನಗುವ ಹೆಂಗಸರು. ಅಂಗಡಿಯವನೊಬ್ಬ ಹತ್ತಿರ ಬಂದು "ಅಮ್ಮಾ, ಕ್ಯಾ ಚಾಹಿಯೇ?" ಎಂದ. ಗಂಡಸರ ಎದುರು ತಲೆಗೂದಲಿನ ಮಾತು ಹೇಗೆ ಆಡುವುದು? ನಾನು ಸರಸರನೆ ಬೇಳೆಯ ಸಾಲಿಗೆ ಹೋಗಿ ತೊಗರಿಬೇಳೆಯನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ. ಅವನು ಆ ಕಡೆ ಹೋದ ಮೇಲೆ ವಾಪಸು ಬಂದೆ. ಅವನೂ ಬಂದ. ಮತ್ತೆ ಬೇಳೆ. ಕೊನೆಗೆ ಅವನೇ ಪಾಪ, ಒಂದು ದೊಡ್ಡ ಬೇಳೆಯ ಚೀಲ ತಂದು ನನ್ನ ಬುಟ್ಟಿಯಲ್ಲಿಟ್ಟು ಹೋದ.

ಆಮೇಲೆ ನೀನು ಒಂದೊಂದೇ ಶೀಶೆ ಓದಿ ಹೇಳಿದೆ.

"ಅಜ್ಜಿ, ದಿಸ್ ಈಸ್ ಫಾರ್ ಡ್ರೈ ಅಂಡ್ ಡ್ಯಾಮೇಜ್ಡ್."

"ಹಂಗಂದ್ರೆ?"

"ಒಣಗಿ ಹಾಳಾಗಿರೋದು."

"ಹಾಳಾಗೋದಕ್ಕೆ ನಮ್ಮನೆ ಮಗೂಗೆ ಏನಾಗಿದೆ? ಬೇಡ, ಅಲ್ಲೇ ಇಡು."

"ದಿಸ್ ಈಸ್ ಫಾರ್ ನಾರ್ಮಲ್. ಸಾದಾ."

"ನೀನು ಸಾದಾನಾ? ಬೇಡ."

"ದಿಸ್ ಈಸ್ ಫಾರ್ ಆಯ್ಲಿ. ಎಣ್ಣೆ ಇರೋ ಕೂದಲಿಗೆ."

ಇಷ್ಟು ಹೊತ್ತು ಹುಡುಕಿದ್ದು ಇದನ್ನೇ! ನಾವು ಎಣ್ಣೆ ಹಚ್ಚುವವರು, ಆ ಎಣ್ಣೆ ಬಿಡಿಸುವುದಕ್ಕೇ ಮಾಡಿದ ಶಾಂಪೂ. ಈ ಕಂಪನಿಯವರಿಗೂ ಎಣ್ಣೆ ಸ್ನಾನ ಗೊತ್ತಿದೆಯಲ್ಲ ಎಂದು ಹೆಮ್ಮೆಪಟ್ಟೆ. ನೆತ್ತಿಯೇ ಜಿಡ್ಡು ಸುರಿಸುವವರಿಗೆ ಅದು, ಹೊರಗಿನಿಂದ ಹಚ್ಚುವವರಿಗಲ್ಲ ಎಂದು ನನಗೆ ಯಾರು ಹೇಳಬೇಕು? ಅದರಲ್ಲಿ ತೊಳೆದ ಮೇಲೆ ನಿನ್ನ ಕೂದಲು ತೆಂಗಿನ ನಾರಾಯಿತು. ಬಾಚಣಿಗೆ ಅರ್ಧ ದಾರಿಯಲ್ಲಿ ನಿಂತು ಮುಂದೆ ಹೋಗಲು ಒಪ್ಪಲಿಲ್ಲ.

ಮರುವಾರ ನಿಮ್ಮಪ್ಪ ಹೊಟ್ಟಿನ ಔಷಧದ ಶಾಂಪೂ ತಂದರು. ಮುಚ್ಚಳ ತೆಗೆದರೆ ರಸ್ತೆಗೆ ಡಾಂಬರು ಹಾಕುವಾಗಿನ ವಾಸನೆ. ಬಸ್ಸಿನಲ್ಲಿ ನಿನ್ನ ಪಕ್ಕದ ಹುಡುಗಿ ಸೀಟು ಬದಲಿಸಿದಳಂತೆ. ಆಮೇಲೆ ನಾನು ಮೆಂತ್ಯ ನೆನೆಸಿ ರುಬ್ಬಿ ಮೊಸರಿನಲ್ಲಿ ಕಲಸಿ ಹಚ್ಚಿ ನಿನ್ನನ್ನು ಸೋಫಾದ ಮೇಲೆ ಕೂರಿಸಿದೆ. ಒಳಗೆ ಹೋಗಿ ಬರುವಷ್ಟರಲ್ಲಿ ಗುಂಡಣ್ಣ ಸೋಫಾ ಹತ್ತಿ ಅಕ್ಕನ ತಲೆಯನ್ನು ನೆಕ್ಕುತ್ತಿದ್ದ. "ಉಪ್ಪಿಲ್ಲ" ಎಂದ. ಹೊಟ್ಟು ಮಾತ್ರ ಹೆಚ್ಚಾಗುತ್ತಲೇ ಹೋಯಿತು. ಹೊಟ್ಟು ಹೆಚ್ಚಾದಂತೆ ನಾನು ತೊಳೆಯುವುದನ್ನೂ ಹೆಚ್ಚು ಮಾಡಿದೆ. ಮಂಗಳವಾರದ ಜೊತೆಗೆ ಬುಧವಾರ, ಬುಧವಾರದ ಜೊತೆಗೆ ಭಾನುವಾರ. ಪ್ರತಿ ಸಲವೂ ದೇವರು ಕೊಟ್ಟ ಬಿಸಿನೀರು.

ರಜ ಹತ್ತಿರ ಬಂತು. ಮಂಗಳವಾರ ಬೆಳಗ್ಗೆ ನಿಮ್ಮಮ್ಮ ಫೋನಿನಲ್ಲಿ ಯಾವುದೋ ಲೇಡೀಸ್ ಸಲೂನಿಗೆ ಮಾತಾಡಿ, "ಗುರುವಾರ ಸಾಯಂಕಾಲ ಅಪಾಯಿಂಟ್‌ಮೆಂಟ್ ಸಿಕ್ಕಿತು" ಎಂದು ಹೇಳಿ ಆಫೀಸಿಗೆ ಹೋದಳು.

ಅವತ್ತು ಮಧ್ಯಾಹ್ನ ನಾನು ನಿನ್ನನ್ನು ಇದ್ದ ಜೋರಿನಲ್ಲೆಲ್ಲ ತಿಕ್ಕಿದೆ. ನೀನೂ ಇದ್ದ ಜೋರಿನಲ್ಲೆಲ್ಲ ಕಿರುಚಿದೆ. ಬೆಲ್ ಆಯಿತು. ಬಾಗಿಲ ತೂತಿನಲ್ಲಿ ನೋಡಿದರೆ ಎದುರು ಮನೆಯ ಹೆಂಗಸು. ಮಂಗಳೂರು ಕಡೆಯವರು. ಎಷ್ಟೋ ದಿನದಿಂದ ಲಿಫ್ಟಿನ ಹತ್ತಿರ ಅವರು ನಕ್ಕರೆ ನಾನು ಚಪ್ಪಲಿ ನೋಡುತ್ತಿದ್ದೆ. ಬಾಗಿಲು ತೆಗೆಯದಿದ್ದರೆ ಪೊಲೀಸರನ್ನೇ ಕರೆದಾರೆಂದು ಹೆದರಿ ತೆಗೆದೆ. ನನ್ನ ಮೊಣಕೈವರೆಗೂ ನೊರೆ.

"ಎಂತಾಯ್ತು ಅಜ್ಜಿ? ಮಗು ಬಿದ್ದಿತಾ? ನಮ್ಮ ಮನೆಯ ಒಳಗೆ ಕೇಳ್ತದೆ!"

"ಎಣ್ಣೆ ಸ್ನಾನ" ಎಂದೆ. ಅವರ ಜೊತೆ ನಾನಾಡಿದ ಮೊದಲ ಮಾತು ಅದು.

ಅವರು ನೇರ ಬಚ್ಚಲಿಗೆ ಬಂದು, ಬಕೆಟ್ಟಿಗೆ ಬೆರಳದ್ದಿ, "ಅಬ್ಬಾ!" ಎಂದು ಹಾರಿದರು. "ಇದೆಂತ ಅಜ್ಜಿ, ಮಗುವನ್ನು ಮೀಯಿಸುದಾ, ಬೇಯಿಸುದಾ? ಇದ್ರಲ್ಲಿ ಚಾ ಮಾಡ್ಲಿಕ್ಕೆ ಆಗ್ತದೆ!"

"ನಲ್ಲೀಲಿ ತಾನಾಗೇ ಬರತ್ತೆ" ಎಂದೆ, ಅದು ನಮ್ಮ ಮನೆಯ ದೊಡ್ಡಸ್ತಿಕೆಯೋ ಎನ್ನುವ ಹಾಗೆ.

ಅವರು ಬಾಗಿಲಿಗೆ ಒರಗಿ ನಗಲು ಶುರುಮಾಡಿದರು. ನಿಲ್ಲಿಸಿದರೂ ನಿಲ್ಲದ ನಗು. ನೀನು ನೊರೆಯ ತಲೆಯಲ್ಲೇ ನಕ್ಕೆ, ಗುಂಡಣ್ಣ ಯಾಕೆಂದು ತಿಳಿಯದೆ ನಕ್ಕ. ಆಮೇಲೆ ಅವರು ಹೇಳಿದರು. ನೀರಿನ ಟ್ಯಾಂಕು ತಾರಸಿಯ ಮೇಲೆ, ನಮ್ಮ ನೆತ್ತಿಗೇ ಸರಿಯಾಗಿ. ಬೇಸಿಗೆಯ ಬಿಸಿಲಿಗೆ ಅದು ಹಂಡೆಯ ಹಾಗೆ ಕಾಯುತ್ತದೆ. ನೀಲಿ ನಲ್ಲಿಯಲ್ಲಿ ಬರುವುದು ಆ ನೀರು. ಆರಿಸಿಟ್ಟ ಹೀಟರಿನಲ್ಲಿ ನಿಂತ ನೀರು ಮನೆಯೊಳಗಿನ ತಂಪಿಗೆ ಆರಿರುತ್ತದೆ. ಅದು ಕೆಂಪು ನಲ್ಲಿಯಲ್ಲಿ ಬರುತ್ತದೆ.

"ಇಲ್ಲಿ ಬೇಸಿಗೆಗೆ ಎಲ್ಲ ಉಲ್ಟಾ ಅಜ್ಜಿ. ತಣ್ಣೀರು ಬೇಕಾದ್ರೆ ಬಿಸಿನೀರಿನ ನಲ್ಲಿ ತಿರುಗಿಸ್ಬೇಕು. ನಾನು ಬಂದ ವರ್ಷ ನೀಲಿ ನಲ್ಲಿ ಬಿಟ್ಟು, ಈಗ ತಣ್ಣಗೆ ಬರ್ತದೆ, ಈಗ ತಣ್ಣಗೆ ಬರ್ತದೆ ಅಂತ ಕಾದು ಕಾದು ಟ್ಯಾಂಕೇ ಖಾಲಿ ಮಾಡಿದ್ದೆ! ಇಡೀ ಬಿಲ್ಡಿಂಗಿಗೆ ನೀರು ಮಾಫಿ, ಒಂದು ತೊಟ್ಟೂ ಇಲ್ಲ!"

ಆಮೇಲೆ ನಿನ್ನ ಬೈತಲೆ ಬಿಡಿಸಿ ನೋಡಿದರು. ಸಣ್ಣಗೆ ಒಣಪುಡಿ ಉದುರಿದರೆ ಅದು ನೆತ್ತಿ ಒಣಗಿದ್ದು, ಜಿಡ್ಡುಜಿಡ್ಡಾಗಿ ಚಕ್ಕೆ ಎದ್ದರೆ ಅದು ನಿಜವಾದ ಹೊಟ್ಟು. ಇದು ಬರೀ ಒಣಗಿದ್ದು ಅಂದರು. ಶಾಂಪೂ ಆರಿಸುವಾಗ ಕೂದಲಿನ ಉದ್ದವನ್ನಲ್ಲ, ನೆತ್ತಿಯನ್ನು ನೋಡಬೇಕಂತೆ. ತೊಳೆದ ಮರುದಿನವೇ ಅಂಟಂಟಾದರೆ ಜಿಡ್ಡಿನ ನೆತ್ತಿ, ಬಿಗಿದು ತುರಿಸಿದರೆ ಒಣ ನೆತ್ತಿ. ಒಣ ನೆತ್ತಿಗೆ ಮೆತ್ತನೆಯ ಶಾಂಪೂ, ಅದೂ ನೆತ್ತಿಗೆ ಮಾತ್ರ, ಸ್ವಲ್ಪವೇ. ತುದಿಗೆ ಇಳಿದು ಬರುವ ನೊರೆಯೇ ಸಾಕು. ಅವರ ಮಗಳ ಶೀಶೆಯನ್ನೇ ತಂದು ಕೊಟ್ಟರು. ನೋಡಿದರೆ ಅದು "ಒಣಗಿ ಹಾಳಾದ" ಕೂದಲಿಗೆಂದು ಅಂಗಡಿಯಲ್ಲಿ ನಾನು ಬೇಡವೆಂದ ಶಾಂಪೂವಿನ ಜಾತಿಯದ್ದೇ. ಮರ್ಯಾದೆ ಬದಿಗಿಟ್ಟು ತೆಗೆದುಕೊಂಡೆ.

ಸಂಜೆ ನಿಮ್ಮಮ್ಮ ಬರುವ ಹೊತ್ತಿಗೆ ನೀನು ಎಲ್ಲವನ್ನೂ ಒದರಿಬಿಟ್ಟೆ. "ಅಮ್ಮಾ, ಅಜ್ಜಿ ವಾಸ್ ಕುಕಿಂಗ್ ಮಿ!" ಅವಳು ಮೊದಲು ಗಾಬರಿಯಾಗಿ ನಿನ್ನ ತಲೆ ನೋಡಿದಳು, ಆಮೇಲೆ ಹಣೆ ಚಚ್ಚಿಕೊಂಡು ನಕ್ಕಳು.

"ಬಂದ ದಿನಾನೇ ಹೇಳಿದ್ನಲ್ಲಮ್ಮಾ! ತಲೆ ಆಡಿಸಿದೆ ನೀನು!"

ಅಷ್ಟಕ್ಕೇ ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಆದರೆ ಅವಳು, "ಹೋಗ್ಲಿ, ಹೊಟ್ಟು ವಾಸಿಯಾಗತ್ತೆ. ಆದ್ರೂ ಗುರುವಾರ ಕಟ್ ಮಾಡ್ಸೇ ಬಿಡೋಣ. ಬೇಸಿಗೆಗೆ ಹಗುರ" ಎಂದಳು.

"ಅಜ್ಜಿಗೆ ಹೇಳು ಪುಟ್ಟಿ, ಬೇಕಾದ್ರೆ ಆಮೇಲೆ ಚೌರಿ ಕಟ್ಟಿದ್ರಾಯ್ತು" ಎಂದರು ನಿಮ್ಮಪ್ಪ, ಟಿ.ವಿ. ನೋಡುತ್ತ.

ನನಗೆ ಏನಾಯಿತೋ ಗೊತ್ತಿಲ್ಲ. ಮಧ್ಯಾಹ್ನ ಒಬ್ಬರ ಹತ್ತಿರ ಮಾತಾಡಿ ಬಾಯಿ ತೆರೆದುಕೊಂಡಿತ್ತೇನೋ. ಪರದೆ ಸರಿಸಿಕೊಂಡು ನಡುಮನೆಗೆ ಬಂದೆ.

"ಚೌರಿ ಕಟ್ಟೋಕೂ ಗೇಣುದ್ದ ಜಡೆ ಬೇಕು. ಗೋಡೆಗೆ ಕಟ್ಟಕ್ಕಾಗತ್ತಾ?" ಎಂದೆ. ಅಳಿಯನ ಮುಖಕ್ಕೇ! ಅವರು ಕಾಲು ಕೆಳಗಿಟ್ಟು ನೆಟ್ಟಗೆ ಕೂತರು. ನಿಮ್ಮಮ್ಮನ ಕಡೆ ತಿರುಗಿದೆ, ಮಾತು ನಿಲ್ಲಲಿಲ್ಲ. "ನಾನು ಮಗೂಗೆ ಒಂದು ಮೊಗ್ಗಿನ ಜಡೆ ಹೆಣೀಬೇಕು. ಊರಲ್ಲಿ ಈಗ ನನ್ನನ್ನ ಯಾರೂ ಕರೆಯಲ್ಲ. ನಿಂಗಂತೂ ಹೆಣೀಲಿಕ್ಕಾಗ್ಲಿಲ್ಲ. ಇವಳದ್ದೊಂದು ಆಗೋವರೆಗೂ ಕತ್ತರಿ ಹಾಕ್ಬೇಡ್ರಮ್ಮಾ."

ನಿಮ್ಮಮ್ಮ ನನ್ನ ಹತ್ತಿರ ಬಂದಳು. "ಇಷ್ಟು ದಿನ ನೀನು ಒದ್ದಾಡಿದ್ದು ಶಾಂಪೂಗಲ್ವಾ ಅಮ್ಮಾ? ಮೊದಲೇ ಹೇಳೋದಲ್ವಾ?" ಫೋನ್ ಎತ್ತಿ ಸಲೂನಿಗೆ ಬರುವುದಿಲ್ಲವೆಂದಳು.

ನಿಮ್ಮಪ್ಪ ಎದ್ದು ನಿಂತರು. "ಅತ್ತೆ, ಮೊಗ್ಗು ಎಷ್ಟು ಬೇಕು ಹೇಳಿ. ನಾನು ತರ್ತೀನಿ." ಅವರು ನನಗೇ ನೇರವಾಗಿ ಹೇಳಿದ ಮೊದಲ ಮಾತು.

ಮೆತ್ತನೆಯ ಶಾಂಪೂ, ಕೆಂಪು ನಲ್ಲಿಯ ತಣ್ಣೀರು, ವಾರಕ್ಕೊಂದೇ ಎಣ್ಣೆ ಸ್ನಾನ. ಕೆಲವೇ ವಾರದಲ್ಲಿ ಪುಡಿ ಉದುರುವುದು ನಿಂತಿತು. ಮಂಗಳವಾರ ನೀನು ಕಿರುಚುವುದೂ ನಿಂತಿತು. ನನಗೆ ಸ್ನಾನ ಸರಿಯಾಗಿಲ್ಲವೇನೋ ಅನ್ನಿಸುತ್ತಿತ್ತು.

ಆಮೇಲೆ ಒಂದು ಶುಕ್ರವಾರ ನಿಮ್ಮಪ್ಪ ಬರ್ ದುಬೈಯ ದೇವಸ್ಥಾನದ ಓಣಿಗೆ ಹೋಗಿ ಮಲ್ಲಿಗೆ ಮೊಗ್ಗು ತಂದರು. ದಾರಿಯಲ್ಲಿ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ಎಲ್ಲೋ ಇಳಿದಿದ್ದರಂತೆ. ಪೊಟ್ಟಣ ಬಿಚ್ಚಿದರೆ ಎಲ್ಲ ಬಾಯಿ ಬಿಟ್ಟುಕೊಂಡು ಅರಳಿ ನಗುತ್ತಿವೆ. ಅರಳಿದ ಹೂವಿನಲ್ಲಿ ಮೊಗ್ಗಿನ ಜಡೆ ಹೆಣೆಯುವುದು ಹೇಗೆ? ಮರುವಾರ ಎದುರು ಮನೆಯವರು ತಮ್ಮ ಐಸ್ ಪೆಟ್ಟಿಗೆ ಕೊಟ್ಟರು. ಮೊಗ್ಗು ಒಂದೂ ಅರಳದೆ ಗಟ್ಟಿಯಾಗಿ ಬಂತು. ಆದರೆ ಆ ಪೆಟ್ಟಿಗೆ ಅವರು ದೇರಾದ ಮಾರುಕಟ್ಟೆಯಿಂದ ಮೀನು ತರುವ ಪೆಟ್ಟಿಗೆ. ಮಲ್ಲಿಗೆಯ ಒಳಗಿಂದ ಬಂಗುಡೆ ಮೀನು ಇಣುಕುತ್ತಿತ್ತು. ನಾನು ಮೂಗು ಮುಚ್ಚಿಕೊಂಡೆ.

"ಫೋಟೋದಲ್ಲಿ ವಾಸನೆ ಬರ್ತದಾ ಅಜ್ಜಿ? ನೀವು ಹೆಣೀರಿ" ಎಂದರು ಅವರು.

ಹೆಣೆದೆ. ಬಾಳೆಪಟ್ಟೆ ಸಿಗದೆ ಕಾರ್ನ್‌ಫ್ಲೇಕ್ಸಿನ ರಟ್ಟು ಉದ್ದಕ್ಕೆ ಕತ್ತರಿಸಿ ಅದಕ್ಕೇ ಪೋಣಿಸಿದೆ. ಬೆರಳು ಏನನ್ನೂ ಮರೆತಿರಲಿಲ್ಲ. ನಿಮ್ಮಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಮೊಗ್ಗು ಎತ್ತಿ ಕೊಟ್ಟಳು. ಮಧ್ಯದಲ್ಲೊಮ್ಮೆ ತಾನೂ ಒಂದು ಸಾಲು ಹೊಲಿಯುತ್ತೇನೆಂದು ಸೂಜಿ ತೆಗೆದುಕೊಂಡಳು. ಆ ಸಾಲು ಸೊಟ್ಟಗಾಯಿತು. ಬಿಚ್ಚಲಿಲ್ಲ, ಹಾಗೆಯೇ ಬಿಟ್ಟೆ.

ಕರಾಮದ ಫೋಟೋ ಸ್ಟುಡಿಯೋದಲ್ಲಿ ಜಡೆ ಕಾಣುವ ಹಾಗೆ ಹಿಂದೆ ಇಡಲು ದೊಡ್ಡ ಕನ್ನಡಿ ಇರಲಿಲ್ಲ. ಅಲ್ಲಿ ಗೋಡೆಗಿದ್ದ ಸಣ್ಣ ಕನ್ನಡಿ ಕಳಚಿ ನಿಮ್ಮಪ್ಪನೇ ಹಿಂದೆ ಹಿಡಿದು ಕೂತರು. ನೀನು ರೇಷ್ಮೆ ಲಂಗ ಹಿಡಿದು, ಮೂಗು ಸುಕ್ಕಿಸಿಕೊಂಡು ನಿಂತೆ. ಫೋಟೋದಲ್ಲಿ ಜಡೆ ಚೆನ್ನಾಗಿ ಬಂದಿದೆ. ಕನ್ನಡಿಯ ಮೇಲುಗಡೆ ದೀಪದ ಬೆಳಕಿಗೆ ನಿಮ್ಮಪ್ಪನ ನೆತ್ತಿಯೂ ಹುಣ್ಣಿಮೆ ಚಂದ್ರನಂತೆ ಚೆನ್ನಾಗಿ ಬಂದಿದೆ.

ಮನೆಗೆ ಬಂದು ಜಡೆ ಬಿಚ್ಚುತ್ತಿದ್ದಂತೆ ನೀನು ನಿಮ್ಮಮ್ಮನ ಕಡೆ ತಿರುಗಿ, "ಅಮ್ಮಾ, ನೌ ಪ್ಲೀಸ್ ಬಾಬ್ ಕಟ್. ಇಟ್ಸ್ ಸೋ ಹೆವಿ. ಅಂಡ್ ಇಟ್ ಸ್ಮೆಲ್ಸ್ ಆಫ್ ಫಿಶ್" ಎಂದೆ.

ನಿಮ್ಮಮ್ಮ ಹೆದರುತ್ತ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಈ ಸಲ ಅರ್ಥವಾಗಿಯೇ ಆಡಿಸಿದ್ದು. ನನಗೆ ಬೇಕಾದದ್ದು ಆಗಿತ್ತು, ಇನ್ನು ಆ ಕೂದಲು ನಿನ್ನದು. ಸಲೂನಿಗೆ ನಾನೂ ಬಂದೆ. ಕತ್ತರಿ ಹಾಕಿದಾಗ ನಾನು ಮುಖ ತಿರುಗಿಸಿದ್ದು ನಿಜ. ನೀನು ಮಾತ್ರ ಕನ್ನಡಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ಬೀಸಿ, ಕಟ್ಟಿ ಹಾಕಿದ್ದ ಕರುವನ್ನು ಬಿಟ್ಟ ಹಾಗೆ ನಕ್ಕೆ. ಅದನ್ನು ನೋಡಿ ನನಗೂ ನಗು ಬಂತು.

ಈ ಹಾಳೆಗಳನ್ನು ನಿಮ್ಮಮ್ಮನ ರೇಷ್ಮೆ ಸೀರೆಗಳ ಮಡಿಕೆಯೊಳಗೆ ಇಡಿ. ಅವಳು ಆಗಾಗ ಸೀರೆಗಳನ್ನು ಹೊರಗೆ ಹರವುವಾಗ ಇವಕ್ಕೂ ಗಾಳಿ ಆಡುತ್ತದೆ, ಹುಳ ಹಿಡಿಯುವುದಿಲ್ಲ. ಓದಿ ನಗಬೇಕೆನಿಸಿದಾಗ ತೆಗೆಯಿರಿ, ನಕ್ಕು ಮತ್ತೆ ಅಲ್ಲೇ ಇಡಿ. ಕಳೆಯಬೇಡಿ ಮಕ್ಕಳೇ. ಇದನ್ನೆಲ್ಲ ಇನ್ನೊಂದು ಸಲ ಬಾಯಲ್ಲಿ ಹೇಳು ಎಂದರೆ ನನ್ನ ಕೈಲಾಗುವುದಿಲ್ಲ.